ಅವರ ಮಾತು ನನ್ನ ಬಾಯಲ್ಲಿ

ಬೆಳಿಗ್ಗೆ ಆರಕ್ಕೆ ನನ್ನ ಗಂಡನ ಎಡಗೈ ಬಿಡಿಸುವುದರಿಂದ ನಮ್ಮ ದಿನ ಶುರುವಾಗುತ್ತದೆ. ಬೆರಳುಗಳು ಒಳಮುಖವಾಗಿ ಮಡಚಿಕೊಂಡಿರುತ್ತವೆ. ಕಿರುಬೆರಳಿನಿಂದ ಆರಂಭಿಸಿ ಒಂದೊಂದನ್ನೇ ನೆಟ್ಟಗೆ ಮಾಡಿ, ಬಿಸಿನೀರಿನ ಬಟ್ಟೆಯಿಂದ ಅಂಗೈ ಒರೆಸಿ, ಅದರ ಕೆಳಗೆ ನನ್ನ ಅಂಗೈ ಇಡುತ್ತೇನೆ. ಮೇಲೆ ಅವರ ಇಷ್ಟಲಿಂಗ. ಹತ್ತೊಂಬತ್ತರ ಹರೆಯದಿಂದ ಅವರು ಒಬ್ಬರೇ ಮಾಡಿಕೊಂಡು ಬಂದ ಪೂಜೆಗೆ ಈಗ ಎರಡು ಕೈ ಬೇಕು. ವಿಭೂತಿ ನಾನು ಹಚ್ಚುತ್ತೇನೆ, ಪತ್ರಿ ನಾನು ಏರಿಸುತ್ತೇನೆ. ವಚನ ಮಾತ್ರ ಅವರೇ ಹೇಳಬೇಕು. ತುಟಿ ಅಲುಗುತ್ತದೆ, ಗಂಟಲಿನಿಂದ ಒಂದು ಗಾಳಿ ಬರುತ್ತದೆ. ಬೇರೆಯವರಿಗೆ ಅದು ನರಳಿಕೆ. ನನಗೆ ಯಾವ ವಚನ, ಎಷ್ಟನೆಯ ಸಾಲು ಎಂದು ತಿಳಿಯುತ್ತದೆ.

ಪೂಜೆ ಮುಗಿದ ಮೇಲೆ ಗಂಜಿ. ತೆಳ್ಳಗಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ, ಗಟ್ಟಿಯಿದ್ದರೆ ಇಳಿಯುವುದಿಲ್ಲ. ಸೌಟಿನಿಂದ ಸುರಿದರೆ ಒಂದು ಗಳಿಗೆ ತಡೆದು ಬೀಳುವಷ್ಟು ಮಂದ ಇರಬೇಕು. ಗದ್ದ ಎದೆಗೆ ತಾಗುವಂತೆ ಹಿಡಿದು, ಒಂದು ಚಮಚೆಗೆ ಎರಡು ಸಲ ನುಂಗಿಸಬೇಕು. ಒಂದು ಬಟ್ಟಲಿಗೆ ಒಂದು ತಾಸು. ನಡುವೆ ಕೆಮ್ಮು ಬಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಆಮೇಲೆ ಸ್ನಾನ, ಮೈ ಹೊರಳಿಸುವುದು, ಹಿಮ್ಮಡಿಗೆ ಎಣ್ಣೆ, ಜೊಲ್ಲು ಒರೆಸುವ ಬಟ್ಟೆಗಳನ್ನು ಕುದಿಸಿ ಒಣಗಿಸುವುದು. ಬಾಗಲಕೋಟೆಯ ನವನಗರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಂಗಳದ ತಂತಿಯ ತುಂಬ ಬಿಳಿ ತುಂಡುಬಟ್ಟೆಗಳು ತೂಗುವುದನ್ನು ನೋಡಿ, ಮನೆಯಲ್ಲಿ ಹಸುಗೂಸು ಇದೆಯೆಂದು ಹೊಸಬರು ತಿಳಿಯುತ್ತಾರೆ.

ಅವರು ನಾಗಲಿಂಗ, ಬಸ್ ಕಂಡಕ್ಟರ್ ಆಗಿದ್ದವರು. ಬಾಗಲಕೋಟೆ, ಇಳಕಲ್ ದಾರಿಯಲ್ಲಿ ಅವರ ಕೂಗು ಕೇಳದ ಊರಿಲ್ಲ. ಈಗ ಐವತ್ಮೂರು ವರ್ಷ. ಮೋಟರ್ ನ್ಯೂರಾನ್ ಕಾಯಿಲೆ ಎಂದು ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಹೇಳಿದರು. ನರ್ಸಿಂಗ್ ಓದುತ್ತಿರುವ ನಮ್ಮ ಮಗಳು ಐಶ್ವರ್ಯ ಅದನ್ನು ನನಗೆ ಬಿಡಿಸಿ ಹೇಳಿದಳು: "ಮಿದುಳು ಹೇಳೂದು ಹೇಳತೈತವ್ವಾ. ಆ ಸುದ್ದಿ ಕೈಗೆ, ಕಾಲಿಗೆ, ನಾಲಗಿಗೆ ಒಯ್ಯೋ ನರ ಒಂದೊಂದ ಸಾಯತಾವ." ನಾಲಿಗೆ ಮೊದಲು ಹೋಯಿತು, ಜೊತೆಗೇ ಬಲಗಾಲು, ಆಮೇಲೆ ಕೈಗಳು, ಈಗ ಕುತ್ತಿಗೆ. ಬುದ್ಧಿಗೆ ಏನೂ ಆಗಿಲ್ಲ. ನೆನಪಿಗೂ ಏನೂ ಆಗಿಲ್ಲ. ನನಗೆ ಭಯ ಅದರದೇ.

ಹೋದ ತಿಂಗಳು ತೋರಿಸಲು ಹೋದಾಗ ವೈದ್ಯರು ಹೇಳಿದರು: ಇನ್ನು ಮೂರೋ ನಾಲ್ಕೋ ತಿಂಗಳು, ಆಮೇಲೆ ಧ್ವನಿ ಪೂರ್ತಿ ನಿಲ್ಲಬಹುದು, ಹೊಟ್ಟೆಗೆ ನಳಿಗೆ ಹಾಕಬೇಕಾಗಬಹುದು. ಐಶ್ವರ್ಯ ನಳಿಗೆಯ ಬಗ್ಗೆ ಏನೇನೋ ಕೇಳಿ ಬರೆದುಕೊಂಡಳು. ನಾನು ಮೂರು ತಿಂಗಳನ್ನು ಮಾತ್ರ ಕೇಳಿಸಿಕೊಂಡೆ. ನನ್ನ ಗಂಡ ಬಾಯಿಬಿಟ್ಟು ನನ್ನನ್ನು ಬೈಯಲು ಶಕ್ತರಿರುವಾಗಲೇ ನಾನು ಅವರಿಗೆ ಒಂದು ಮಾತು ಹೇಳಬೇಕಿತ್ತು. ಎರಡೂವರೆ ವರ್ಷದಿಂದ ಹೇಳಿರಲಿಲ್ಲ.

ನಾನು ಮಾತಿನವಳಲ್ಲ, ಕೇಳುವವಳು. ತವರು ಕಲಾದಗಿಯಲ್ಲಿ ಅಪ್ಪ ದಿನಾ ನಸುಕಿನಲ್ಲಿ ಎದ್ದು ವಚನ ಹೇಳುತ್ತಿದ್ದರು. ಪುಸ್ತಕ ನೋಡುತ್ತಿರಲಿಲ್ಲ. ಎಲ್ಲಿ ಉಸಿರು ನಿಲ್ಲಬೇಕು, ಯಾವ ಪದದ ಮೇಲೆ ದನಿ ಇಳಿಯಬೇಕು ಎಂಬುದು ನನಗೆ ಅಕ್ಷರ ಬರುವ ಮೊದಲೇ ಬಂದಿತ್ತು. ನನ್ನನ್ನು ನೋಡಲು ಬಂದ ದಿನ ನಾಗಲಿಂಗ ಅವರು ಅಪ್ಪನ ಮುಂದೆ ಒಂದು ವಚನ ಹೇಳಿದರು. ಒಳಕೋಣೆಯಿಂದ ಕೇಳಿಯೇ ನಾನು ಒಪ್ಪಿದೆ, ಮುಖ ನೋಡಿದ್ದು ಆಮೇಲೆ. ಇಪ್ಪತ್ನಾಲ್ಕು ವರ್ಷ ಆ ದನಿ ನನಗೆ ಬೆಳಗಾಗಿತ್ತು.

ಎರಡೂವರೆ ವರ್ಷದ ಹಿಂದೆ ಆ ದನಿಯಲ್ಲಿ ಪದಗಳು ಒಂದರೊಳಗೊಂದು ಕಲೆಸತೊಡಗಿದವು. ಸಾಲಿನ ಕೊನೆ ಮುಟ್ಟುವ ಮೊದಲೇ ನಾಲಿಗೆ ಸೋಲುತ್ತಿತ್ತು. ಸಂಜೆಗೆ ಇನ್ನೂ ಹೆಚ್ಚು. ನಡೆಯುವಾಗ ಬಲಗಾಲಿನ ಚಪ್ಪಲಿ ತಾನೇ ಕಳಚಿ ಹಿಂದೆ ಉಳಿಯುತ್ತಿತ್ತು. ನನ್ನ ಅಣ್ಣ ಕುಡಿದು ಕುಡಿದು ಸತ್ತವನು; ಅವನ ನಾಲಿಗೆಯೂ ಹೀಗೆಯೇ ತೊಡರುತ್ತಿತ್ತು, ಅವನ ಚಪ್ಪಲಿಯೂ ದಾರಿಯಲ್ಲಿ ಉಳಿಯುತ್ತಿತ್ತು. ಗಂಡ ಮಲಗಿದಾಗ ಬಾಗಿ ಬಾಯಿಯ ವಾಸನೆ ನೋಡಿದೆ. ವಾಸನೆ ಇರಲಿಲ್ಲ. ಯಾಲಕ್ಕಿ ಅಗಿದಿರಬೇಕು ಅಂದುಕೊಂಡೆ. ಒಂದು ಸಲ ಹಾಗೆ ಅಂದುಕೊಂಡ ಮೇಲೆ ಎಲ್ಲವೂ ಅದಕ್ಕೇ ಸಾಕ್ಷಿ ಹೇಳಿದವು.

ಆಗಲೇ ಒಂದು ದಿನ ಬಾಬುಸಾಬ ಬಂದರು. ಇವರ ಬಸ್ಸಿನ ಡ್ರೈವರ್, ಇಳಕಲ್ಲಿನವರು. ಹನ್ನೊಂದು ವರ್ಷ ಇಬ್ಬರದೂ ಒಂದೇ ಗಾಡಿ, ಒಂದೇ ಬುತ್ತಿ. ಇವರ ಜೊತೆ ಉಣ್ಣುವ ದಿನ ಬಾಬುಸಾಬರ ಡಬ್ಬಿಯಲ್ಲಿ ಕಾಯಿಪಲ್ಲೆ ಬಿಟ್ಟು ಬೇರೆ ಇರುತ್ತಿರಲಿಲ್ಲ. ಇವರು ಪೇಟೆಗೆ ಹೋದ ಹೊತ್ತು ನೋಡಿ ಬಂದು, ಒಳಗೂ ಬಾರದೆ ಬಾಗಿಲಲ್ಲೇ ನಿಂತು, ನನ್ನನ್ನು ಅತ್ತಿಗೆಯೆಂದು ಕರೆಯುವ ರೂಢಿಯಲ್ಲೇ ಹೇಳಿದರು: "ವೈನಿ, ಅಣ್ಣಾರು ನಿನ್ನೆ ಅಮೀನಗಡದಾಗ ಮೆಟ್ಟಲಾ ತಪ್ಪಿ ಬಿದ್ರು. ಊರ ಹೆಸರು ಬಾಯಾಗ ಹೊಳ್ಳವಲ್ಲವು. ಏನೋ ಆಗೈತಿ. ನಾ ಅಂದ್ರ ಕೇಳವಲ್ರು, ನೀವರ ದವಾಖಾನಿಗೆ ಕರಕೊಂಡ ಹೋಗ್ರಿ."

ದವಾಖಾನೆಗೆ ಎಂದರು. ಸ್ಪಷ್ಟವಾಗಿ ಎಂದರು. ನಾನು ಮಠಕ್ಕೆ ಹೋದೆ.

ನಮ್ಮ ಸೆಕ್ಟರಿನ ಸಣ್ಣ ಮಠದಲ್ಲಿ ಹುಣ್ಣಿಮೆಗೊಮ್ಮೆ ಗೋಷ್ಠಿ ಸೇರುತ್ತದೆ. ಕುಡಿತಕ್ಕೆ ಬಿದ್ದವರನ್ನು ಅಜ್ಜಾರು, ಅಂದರೆ ನಮ್ಮ ಸ್ವಾಮಿಗಳು, ಸಭೆಯ ನಡುವೆ ಕರೆದು, ಅಂಗೈಯಲ್ಲಿ ಇಷ್ಟಲಿಂಗ ಹಿಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸುತ್ತಾರೆ. ಅದರಿಂದ ಉಳಿದ ಮನೆಗಳನ್ನು ನಾನು ಕಂಡಿದ್ದೆ. ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಔಷಧ ಗೊತ್ತಿರಲಿಲ್ಲ. ಅಜ್ಜಾರ ಕಾಲು ಹಿಡಿದು ಅತ್ತು ಎಲ್ಲ ಹೇಳಿದೆ. ನನ್ನ ಹೆಸರು ಎತ್ತಬಾರದು ಎಂದೂ ಕೇಳಿಕೊಂಡೆ.

ಆ ಹುಣ್ಣಿಮೆಗೆ ನಲವತ್ತು ಮಂದಿ ಇದ್ದರು. ಹೆಣ್ಣುಮಕ್ಕಳ ಸಾಲಿನಲ್ಲಿ ಕಂಬಕ್ಕೆ ಒರಗಿ ನಾನೂ ಇದ್ದೆ.

"ನಾಗಲಿಂಗಾ, ಅಮೀನಗಡದಾಗ ಬಸ್ಸಿನ ಮೆಟ್ಟಲಾ ತಪ್ಪಿ ಬಿದ್ದಿ ಅಂತ. ಊರ ಹೆಸರು ಬಾಯಾಗ ಹೊಳ್ಳವಲ್ಲವು ಅಂತ. ಖರೆ ಏನಪಾ?" ಅಜ್ಜಾರು ಕೇಳಿದರು.

"ಖರೆ ಐತ್ರಿ ಅಜ್ಜಾರ. ಆದರ ನಾ ಕುಡಿಯೂದಿಲ್ರಿ."

ಆ 'ಕುಡಿಯೂದಿಲ್ರಿ' ಎಂಬುದೇ ಅವರ ಬಾಯಲ್ಲಿ ಕಲೆಸಿ ಬಂತು. ಹಿಂದಿನಿಂದ ಯಾರೋ ನಕ್ಕರು. "ಅದನ್ನ ಹೇಳಾಕೂ ನಾಲಗಿ ಏಳವಲ್ದು ನೋಡಲೇ."

ಅಜ್ಜಾರು ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟರು. "ಇನ್ನ ಮುಟ್ಟೂದಿಲ್ಲ ಅನ್ನು, ಸಾಕು. ಹಿಂದಿಂದು ಶಿವಗ ಬಿಡೂಣು."

"ಮುಟ್ಟೇ ಇಲ್ಲದ್ದನ್ನ ಇನ್ನ ಮುಟ್ಟೂದಿಲ್ಲ ಅಂತ ಹೆಂಗ ಅನ್ಲಿರಿ?" ಎಂದರು. ಅನ್ನುತ್ತಿದ್ದಂತೆ ಕೈ ಅದುರಿತು. ಹೆಬ್ಬೆರಳು ಹಿಡಿಯಲು ಹೋಗಿ ಹಿಡಿಯಲಿಲ್ಲ. ಅಂಗೈ ವಾಲಿತು. ಲಿಂಗ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು.

ಅದರ ಸಪ್ಪಳ ದೊಡ್ಡದೇನಲ್ಲ. ಗೋಲಿ ಬಿದ್ದಂತೆ. ನಲವತ್ತು ಮಂದಿ ಒಟ್ಟಿಗೆ "ಶಿವಶಿವಾ" ಅಂದರು. ಆಮೇಲೆ ಅವರನ್ನು ಯಾರೂ ಏನೂ ಕೇಳಲಿಲ್ಲ. ಕೇಳುವುದು ಇನ್ನೇನಿತ್ತು? ಲಿಂಗವೇ ಕೈಬಿಟ್ಟಿತು ಎಂದು ಊರು ತಿಳಿಯಿತು.

ಮನೆಗೆ ಬರುವ ದಾರಿಯಲ್ಲಿ ಅವರು ನನ್ನ ಕಡೆ ನೋಡದೆ ಹೇಳಿದರು: "ಅಮೀನಗಡದಾಗ ನಾ ಬಿದ್ದದ್ದು ಗುರ್ತಿನವರಾಗ ನೋಡಿದಾವ ಒಬ್ಬನ. ಬಾಬು. ಹನ್ನೊಂದು ವರ್ಷ ಕೂಡಿ ಉಂಡು, ಕುಡುಕ ಅಂತ ಮಠದಾಗ ಹೇಳ್ಯಾನ." ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಅಲ್ಲ, ನಾನು ಹೇಳಿದ್ದು ಎನ್ನಲು ಮೂರು ಪದ ಸಾಕಿತ್ತು. ಅವರ ಬಲಗಾಲಿನ ಚಪ್ಪಲಿ ಕಳಚಿ ಉಳಿಯಿತು, ಅದನ್ನು ಎತ್ತಿಕೊಂಡು ಸುಮ್ಮನೆ ನಡೆದೆ.

ಮರುದಿನ ಅವರು ಡಿಪೋದಲ್ಲಿ ಬೇರೆ ಗಾಡಿ ಕೇಳಿ ಹಾಕಿಸಿಕೊಂಡರು. ಏನಾಯಿತೆಂದು ಕೇಳಲು ಬಂದ ಬಾಬುಸಾಬರ ಮುಖದ ಮೇಲೆ ಬಾಗಿಲು ಹಾಕಿದರು. ಏಳು ತಿಂಗಳ ಮೇಲೆ, ಟಿಕೆಟ್ ಯಂತ್ರದ ಗುಂಡಿಯನ್ನೂ ಒತ್ತಲಾಗದೆ ಹೋದಾಗ, ಹುಬ್ಬಳ್ಳಿಗೆ ಕರೆದೊಯ್ದೆವು. ಮೊದಲೇ ಬಂದಿದ್ದರೂ ರೋಗ ನಿಲ್ಲುತ್ತಿರಲಿಲ್ಲ ಎಂದರು ವೈದ್ಯರು. ಆ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ. ಅದು ರೋಗದ ಲೆಕ್ಕದಲ್ಲಿ ಮಾತ್ರ ನನ್ನನ್ನು ಬಿಟ್ಟಿತ್ತು. ಸುದ್ದಿ ತಿಳಿದು ಅಜ್ಜಾರು ಮನೆಗೆ ಬಂದರು, ಮಂಚದ ಅಂಚಿಗೆ ಕುಳಿತು ಅವರ ಎರಡೂ ಕೈ ಹಿಡಿದು, "ನಂದ ತಪ್ಪಾತಪಾ" ಎಂದು ಕಣ್ಣೀರು ಹಾಕಿದರು. ಕೊಟ್ಟ ಮಾತಿನಂತೆ ನನ್ನ ಹೆಸರು ಎತ್ತಲಿಲ್ಲ; ಎತ್ತಬೇಕಾಗುತ್ತದೆಂದು ಸಭೆಯಲ್ಲೂ ಆ ಮಾತು ತೆಗೆಯಲಿಲ್ಲ. ಹೋಗುವಾಗ ಬಾಗಿಲಲ್ಲಿ ನನ್ನ ಮುಖ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿ ನಮಸ್ಕಾರ ಮಾಡಿದೆ.

ಹೀಗೆ ದಿನ ಹೋದವು. ಅವರ ಮಾತು ತಿಳಿಯುವವರು ಕಡಿಮೆಯಾಗುತ್ತ ಬಂದು, ಕೊನೆಗೆ ನಾನು ಒಬ್ಬಳೇ ಉಳಿದೆ. ಮಗಳಿಗೂ ಅರ್ಧಕ್ಕರ್ಧ ತಿಳಿಯದು. ಅವಳು ದೊಡ್ಡ ರಟ್ಟಿನ ಮೇಲೆ ಅಕ್ಷರ ಬರೆದು ಒಂದು ಹಲಗೆ ಮಾಡಿದಳು. ಅಕ್ಷರಗಳ ಆರು ಸಾಲು, ಒಂದೊಂದು ಸಾಲಿಗೆ ಅವರ ಬಸ್ ದಾರಿಯ ಒಂದೊಂದು ಊರಿನ ಹೆಸರು. ಅವಳು "ಬಾಗಲಕೋಟಿ, ಶಿರೂರ, ಕಮತಗಿ, ಅಮೀನಗಡ" ಎಂದು ಕೂಗುತ್ತ ಹೋಗುತ್ತಾಳೆ, ಬೇಕಾದ ಊರು ಬಂದಾಗ ಅವರು ಕಣ್ಣು ಮುಚ್ಚುತ್ತಾರೆ. ಆಮೇಲೆ ಆ ಸಾಲಿನ ಅಕ್ಷರ ಒಂದೊಂದಾಗಿ. ಒತ್ತಕ್ಷರ ಬೇಡವೆಂದು ಒಪ್ಪಂದ. "ಅಪ್ಪಾ, ಹುನಗುಂದ ದಾಟಿದ್ವಿ, ಇಳೀತೀಯೋ ಇಲ್ಲೋ?" ಎಂದು ಅವಳು ಕೆಣಕಿದಾಗ ಅವರ ಎದೆ ಅಲುಗುತ್ತದೆ, ಅದೇ ನಗು. ಆದರೆ ಹಲಗೆ ನಿಧಾನ. ನಾನಿರುವಾಗ ಅದು ಬೇಕಾಗುತ್ತಿರಲಿಲ್ಲ. ಬಂದವರಿಗೆಲ್ಲ ಅವರ ಮಾತನ್ನು ನಾನೇ ಹೇಳುತ್ತಿದ್ದೆ.

ಮೂರು ವಾರದ ಹಿಂದೆ ಬಾಬುಸಾಬ ಬಂದರು. ಕೈಯಲ್ಲಿ ತಮ್ಮ ಮಗಳು ಶಹನಾಜಳ ಮದುವೆಯ ಕಾಗದ, ಒಂದು ಚೀಲ ಚಿಕ್ಕು. ಎರಡೂವರೆ ವರ್ಷದಲ್ಲಿ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮಂಚದಿಂದ ದೂರವೇ ನಿಂತು, "ಅಣ್ಣಾರ, ಹುಡುಗಿ ಮದಿವಿ. ಕರಿಯಾಕ ಬಂದೇನಿ. ಬರಾಕಾಗೂದಿಲ್ಲ, ಗೊತ್ತೈತಿ. ಬಾಯಿಲೆ ಒಂದ ಆಶೀರ್ವಾದ ಮಾಡ್ರಿ" ಎಂದರು.

ನನ್ನ ಗಂಡ ಗಂಟಲಿನಿಂದ ಹೇಳಿದರು: "ಇಂವಗ ಹೊರಗ ಹೋಗಂತ ಹೇಳು. ನನ್ನ ಲಿಂಗ ಬೀಳಿಸಿದಾವ ಇಂವ."

ಬಾಬುಸಾಬ ನನ್ನ ಕಡೆ ನೋಡಿದರು.

"ಭಾಳ ಸಂತೋಷ ಆತಂತ್ರಿ" ಎಂದೆ ನಾನು. "ಹುಡುಗಿ ಚಂದಂಗ ಇರ್ಲಿ ಅಂತಾರ್ರಿ."

ಬಾಬುಸಾಬ ಚಿಕ್ಕು ಹಣ್ಣಿನ ಚೀಲವನ್ನು ಗೋಡೆಗೆ ಒರಗಿಸಿಟ್ಟರು. ಬಾಗಿಲವರೆಗೆ ಹೋಗಿ ತಿರುಗಿದರು. "ವೈನಿ, ಹನ್ನೊಂದು ವರ್ಷ ಆ ದನಿ ನನ್ನ ಬೆನ್ನಹಿಂದ ಕೇಳೇನಿ. 'ಹೋಲ್ಡಾನ್' ಅಂದದ್ದೂ ತಿಳೀತಿತ್ತು, ಬಾಯಿ ತೆರೀಲಾರದ ಸಿಟ್ಟಾಗಿದ್ದೂ ತಿಳೀತಿತ್ತು. 'ಹೊರಗ ಹೋಗು' ಅನ್ನೂದ ತಿಳೀಲಾರದಷ್ಟ ದೂರ ಆಗಿಲ್ಲ ನಾ." ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಏನ್ ಮಾಡೇನಿ ಅನ್ನೂದನ್ನರ ಹೇಳಾಕ ಹೇಳ್ರಿ ಅವರಿಗೆ" ಎಂದು ಹೊರಟುಹೋದರು.

ಮಂಚದಿಂದ ನನ್ನ ಗಂಡನ ಕಣ್ಣು ನನ್ನ ಮೇಲಿತ್ತು. ನಾನು ಮಾತು ಬದಲಿಸಿದ್ದನ್ನು ಅವರು ಕೇಳಿದ್ದರು. ಏಕೆ ಬದಲಿಸಿದೆ ಎಂದು ಕೇಳಲಿಲ್ಲ. ಒಳ್ಳೆಯತನಕ್ಕೆ ಬದಲಿಸಿದಳು ಅಂದುಕೊಂಡರೇನೋ. ಇಂಥ ಕಡೆಯೆಲ್ಲ ನನ್ನನ್ನು ಒಳ್ಳೆಯವಳು ಅಂದುಕೊಳ್ಳುವುದು ಅವರಿಗೆ ರೂಢಿ.

ಮೊದಲು ನನ್ನ ಸುಳ್ಳು ಸುಮ್ಮನಿರುವುದಷ್ಟೇ ಆಗಿತ್ತು. ಈಗ ಅವರ ನಾಲಿಗೆಯನ್ನೇ ತೆಗೆದುಕೊಂಡು ನಾನು ಸುಳ್ಳಾಡಿದ್ದೆ. ಅವರ ಧ್ವನಿ ನಿಂತ ಮೇಲೆ ಆ ಸುಳ್ಳೇ ಅವರ ಮಾತಾಗಿ ಉಳಿಯುತ್ತಿತ್ತು. ಆದರೂ ಹೇಳಲು ಇನ್ನೂ ಹನ್ನೆರಡು ದಿನ ಬೇಕಾಯಿತು. ಇವತ್ತು ಕೆಮ್ಮು ಹೆಚ್ಚಿದೆ, ಇವತ್ತು ಮಗಳು ಮನೆಯಲ್ಲಿದ್ದಾಳೆ, ಇವತ್ತು ಸೋಮವಾರ.

ಹದಿಮೂರನೆಯ ದಿನ ಮಧ್ಯಾಹ್ನ ಅವರ ಉಗುರು ತೆಗೆಯುತ್ತಿದ್ದೆ. ಬಲಗೈ ಮುಗಿದಿತ್ತು. ಎಡಗೈ ತೊಡೆಯ ಮೇಲಿಟ್ಟುಕೊಂಡು, ಉಗುರನ್ನೇ ನೋಡುತ್ತ ಹೇಳಿದೆ: "ಮಠದಾಗ ಹೇಳಿದಾಕಿ ನಾನರಿ."

ಗಂಟಲಿನಿಂದ ಮೊದಲು ಬರೀ ಗಾಳಿ ಬಂತು. ಆಮೇಲೆ ಬಂತು: "ಬಾಬು?"

"ಬಾಬಣ್ಣ ನನಗ ಹೇಳಿದ್ರು. ನೀವು ಬಿದ್ದೀರಿ, ದವಾಖಾನಿಗೆ ಕರಕೊಂಡ ಹೋಗ್ರಿ ಅಂತ ಹೇಳಿದ್ರು. ನಾ ಅದನ್ನ ಒಯ್ದು ಅಜ್ಜಾರ ಮುಂದ, ಕುಡ್ಯಾಕತ್ತಾರ ಅಂತ ಹೇಳಿದೆ. ಬಾಬಣ್ಣ ಯಾರ ಮುಂದೂ ಏನೂ ಅಂದಿಲ್ಲ."

ನಾನು ತಲೆ ಎತ್ತಿದಾಗ ಅವರ ಬಾಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಲು ಬಟ್ಟೆ ಒಯ್ದೆ. ಅವರ ಕುತ್ತಿಗೆಯಲ್ಲಿ ಉಳಿದಿರುವ ಶಕ್ತಿ ಎರಡು ಬೆರಳಿನಷ್ಟು. ಅಷ್ಟನ್ನೂ ಉಪಯೋಗಿಸಿ ಮುಖ ಆಚೆ ತಿರುಗಿಸಿದರು. ಜೊಲ್ಲು ಗದ್ದದವರೆಗೆ ಇಳಿಯಿತು. ನಾನು ಬಟ್ಟೆ ಹಿಡಿದು ಕುಳಿತೇ ಇದ್ದೆ. ಒರೆಸಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಒರೆಸಿದೆ, ತಡೆಯುವ ಶಕ್ತಿ ಅವರಿಗಿರಲಿಲ್ಲ.

ಐದಕ್ಕೆ ಐಶ್ವರ್ಯ ಬಂದಳು. ಅವರು ಕಣ್ಣಿನಿಂದ ಗೋಡೆಯ ಹಲಗೆ ತೋರಿಸಿದರು.

"ಅವ್ವ ಇಲ್ಲೇ ಅದಾಳಲ್ಲಪ್ಪಾ, ಆಕಿಗೇ ಹೇಳು" ಎಂದಳು ಅವಳು. ಮತ್ತೆ ಹಲಗೆಯ ಕಡೆಗೇ ನೋಡಿದರು.

ಇಪ್ಪತ್ತು ನಿಮಿಷ ಹಿಡಿಯಿತು. ಅವಳು ಊರು ಕೂಗುತ್ತ, ಒಂದೊಂದೇ ಅಕ್ಷರವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದಳು. ಬರೆದದ್ದನ್ನು ಓದಿ ನನ್ನ ಮುಖ ನೋಡಿದಳು. "ನಿನ ತಾಯಿಗೆ ಹೇಳು, ಬಾಬು ಮನಿಗೆ ತಾನ ಹೋಗಲಿ. ಫೋನ ಬೇಡ. ನಾ ಕರದೇನಿ ಅನಲಿ." ಆಮೇಲೆ ಕೇಳಿದಳು, "ಏನಾತವ್ವಾ?"

ಅವಳಿಗೂ ಹೇಳಿದೆ. ಅವಳು ನನ್ನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡು ತಾನೇ ತಿನಿಸಲು ಕುಳಿತಳು.

ಮರುದಿನ ಬೆಳಿಗ್ಗೆ ಬೆರಳು ಬಿಡಿಸಿ, ಅಂಗೈ ಕೆಳಗೆ ಅಂಗೈ ಇಟ್ಟೆ. ಬೇಡವೆನ್ನಲಿಲ್ಲ. ಆದರೆ ತುಟಿ ಅಲುಗಲಿಲ್ಲ. ಲಿಂಗ ಇತ್ತು, ಕೈ ಇತ್ತು, ವಚನ ಇರಲಿಲ್ಲ. ಬಹುಶಃ ಒಳಗೆ ಹೇಳಿಕೊಂಡಿರಬೇಕು. ನನಗೆ ಕೇಳಿಸದಂತೆ ಹೇಳುವುದು ಹೇಗೆಂದು ಅವರಿಗೆ ಗೊತ್ತಾಗಿತ್ತು.

ಮಗಳನ್ನು ಮನೆಯಲ್ಲಿ ಬಿಟ್ಟು ಇಳಕಲ್ಲಿನ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನನ್ನು ಗುರುತಿಸಿದ. "ನಾಗಲಿಂಗಣ್ಣಾರ ಮನಿಯವ್ರಲ್ಲೇನ್ರಿ? ಹೆಂಗದಾರ್ರಿ ಅಣ್ಣಾರು? ಅವರು ಮಠದಾಗ ಲಿಂಗ ಬಿದ್ದ ಮ್ಯಾಲಿಂದ..." ಎಂದು ನಾಲಿಗೆ ಕಚ್ಚಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಡಿಪೋದಲ್ಲಿ ಇನ್ನೂ ಅದೇ ಕಥೆ ಇದೆಯೆಂದು ತಿಳಿಯಿತು. ಕಮತಗಿ, ಅಮೀನಗಡ, ಹುನಗುಂದ ಎಂದು ಅವನು ಕೂಗುತ್ತ ಹೋದ. ಅಮೀನಗಡದಲ್ಲಿ ಇಳಿಯುವವರ ಕಾಲುಗಳನ್ನೇ ನೋಡುತ್ತ ಕುಳಿತೆ. ಮೆಟ್ಟಿಲು ಅಷ್ಟೇನೂ ಎತ್ತರವಿಲ್ಲ.

ಬಾಬುಸಾಬರ ಮನೆಯಲ್ಲಿ ಮದುವೆಯ ಗದ್ದಲ. ಅವರ ಹೆಂಡತಿ ಖೈರುನಬಿ ಮನೆಯಲ್ಲೇ ಇಳಕಲ್ ಸೀರೆ ನೇಯುವವರು. ಮಗ್ಗಕ್ಕೆ ಚಾದರ ಹೊದಿಸಿ, ಅದರ ಮೇಲೆಯೇ ಪಾತ್ರೆ ಸಾಮಾನು ಹರವಿದ್ದರು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದರು. ಕುಳಿತುಕೊಳ್ಳದೆ, ನೀರು ಮುಟ್ಟದೆ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಕುಳಿತರೆ ಹೇಳುತ್ತಿರಲಿಲ್ಲ.

ಖೈರುನಬಿ ನನ್ನ ಕೈ ಬಿಟ್ಟರು.

"ಎರಡೂವರಿ ವರ್ಷ ಅಕ್ಕಾರ" ಎಂದರು. "ಎರಡೂವರಿ ವರ್ಷ ಈ ಮನ್ಯಾಗ ಊಟಕ್ಕ ಕುಂತಾಗೆಲ್ಲ ಅದ ಮಾತು. ನಾ ಏನ್ ತಪ್ಪ ಮಾಡೇನಿ, ಏನ್ ತಪ್ಪ ಮಾಡೇನಿ. ನಾನೂ ಒಂದ ದಿನ ಅಂದೆ, ನೀ ಏನರ ಅಂದಿರಬೇಕು, ಸುಮ್ಮನ ಯಾರ್ ಬಿಡ್ತಾರ ಅಂತ. ನನ್ನ ಗಂಡನ್ನ ನಾನೂ ನಂಬಲಿಲ್ಲ, ನಿಮ್ಮ ಸಲುವಾಗಿ."

"ಸುಮ್ಮನಿರು" ಎಂದರು ಬಾಬುಸಾಬ.

"ಯಾಕ ಸುಮ್ಮನಿರ್ಲಿ? ಈಕಿ ಸುಮ್ಮನಿದ್ದದ್ದ ಸಾಕು. ಮಠದಾಗ ನಲವತ್ತು ಮಂದಿ ಕೇಳ್ಯಾರಂತಲ್ಲ ಆ ಅಣ್ಣಾರು ಕುಡುಕ ಅಂತ, ಅವರಿಗೆ ಯಾರ್ ಹೇಳಾವ್ರು?"

"ಹುಣ್ಣಿಮಿಗೆ ನಾನ ಹೇಳ್ತೇನ್ರಿ" ಎಂದೆ. ಆ ಮಾತು ಹೇಗೆ ಬಾಯಿಂದ ಬಂತೋ ತಿಳಿಯದು. ಸಭೆಯಲ್ಲಿ ನಾನು ಎಂದೂ ಬಾಯಿ ತೆರೆದವಳಲ್ಲ.

ಬಾಬುಸಾಬ ಮಗ್ಗದ ಮೇಲಿನ ಒಂದು ಪಾತ್ರೆಯನ್ನು ಸರಿಸಿಟ್ಟರು. ಆಮೇಲೆ ಕೇಳಿದರು. "ದವಾಖಾನಿಗೆ ಕರಕೊಂಡ ಹೋಗ್ರಿ ಅಂತ ನಾ ಹೇಳಿದ್ನೋ ಇಲ್ಲೋ ವೈನಿ?"

"ಹೇಳಿದ್ರಿ."

"ಅದನ್ನ ಅವರಿಗೂ ಹೇಳೀರೇನು?"

"ಹೇಳೇನ್ರಿ."

"ನೀವು ಕರೀಲಿಕ್ಕೆ ಬಂದ್ರೋ, ಅವರು ಕಳಿಸ್ಯಾರೋ?"

"ಅವರ ಕಳಿಸ್ಯಾರ್ರಿ. ನಾ ಕರದೇನಿ ಅನ್ಲಿ ಅಂತ ಹಲಗಿ ಮ್ಯಾಲ ಬರೆಸ್ಯಾರ."

"ಹಂಗಂದ್ರ ಮದಿವಿ ಮುಗಿಸಿಕೊಂಡು ಮುಂದಿನ ಐತವಾರ ಬರ್ತೇನಿ" ಎಂದರು. ಖೈರುನಬಿ ನನಗೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗಿನಿಂದ ಶಹನಾಜ ಒಂದು ಲೋಟ ಶರಬತ್ತು ತಂದು ಕೈಗೆ ಕೊಟ್ಟಳು. ಕುಡಿದು ಬಂದೆ.

ಆ ಭಾನುವಾರದವರೆಗೂ ನನ್ನ ಗಂಡ ನನ್ನೊಡನೆ ಬಾಯಿಂದ ಮಾತಾಡಲಿಲ್ಲ. ಬೇಕಾದ್ದೆಲ್ಲ ಸಂಜೆ ಮಗಳು ಬಂದ ಮೇಲೆ ಹಲಗೆಯ ಮೇಲೆ. ಹಗಲು ಬೆನ್ನು ತುರಿಸಿದರೂ, ಸೊಳ್ಳೆ ಕೂತರೂ ಗಂಟಲು ಎತ್ತಲಿಲ್ಲ. ಊಹಿಸಿ ಊಹಿಸಿ ಮಾಡುತ್ತಿದ್ದೆ, ಅರ್ಧ ತಪ್ಪುತ್ತಿತ್ತು. ಉಳಿದಿರುವ ಮೂರು ತಿಂಗಳ ಧ್ವನಿಯಲ್ಲಿ ಒಂಬತ್ತು ದಿನವನ್ನು ಅವರು ನನಗೆ ಕೊಡಲಿಲ್ಲ. ಕೊಡಬೇಕೆಂದು ಕೇಳುವ ಮುಖ ನನಗಿರಲಿಲ್ಲ.

ಭಾನುವಾರ ಬಾಬುಸಾಬ ಹತ್ತು ಗಂಟೆಗೆ ಬಂದರು. ಈ ಸಲ ದೂರ ನಿಲ್ಲಲಿಲ್ಲ. ಮಂಚದ ಮೇಲೆಯೇ ಕುಳಿತು, ಅವರ ಕಾಲುಗಳನ್ನು ಸರಿಸಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಏನಣ್ಣಾರ, ಗಾಡಿ ಶೆಡ್ಡಿಗೆ ಹಾಕೀರಲ್ಲ. ಬ್ರೇಕ್ ಹೋತೋ, ಗೇರ್ ಹೋತೋ?"

"ಗೇರ್" ಎಂದರು ನನ್ನ ಗಂಡ.

ಬಾಬುಸಾಬರಿಗೆ ತಿಳಿಯಿತು. ಜೋರಾಗಿ ನಕ್ಕರು. ನಗುತ್ತ ನಗುತ್ತ ಗಡ್ಡ ಒದ್ದೆಯಾಯಿತು. ಆಮೇಲೆ ಮದುವೆಯ ಸುದ್ದಿ, ಡಿಪೋದ ಸುದ್ದಿ, ಕಮತಗಿಯಲ್ಲಿ ದಿನಾ ಬುಟ್ಟಿಯೊಂದಿಗೆ ಹತ್ತಿ ಸೀಟಿಗಾಗಿ ಜಗಳವಾಡುತ್ತಿದ್ದ ಮುದುಕಿ ಇನ್ನೂ ಜಗಳವಾಡುತ್ತಾಳೆಂಬ ಸುದ್ದಿ. ನನ್ನ ಗಂಡ ನಡುನಡುವೆ ಒಂದೊಂದು ಮಾತು ಹೇಳುತ್ತಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ನನ್ನ ಬಾಯಿ ರೂಢಿಯಂತೆ ತೆರೆಯಲು ಹೋಗುತ್ತಿತ್ತು. ಬಾಬುಸಾಬ ಅಷ್ಟರಲ್ಲಿ ಉತ್ತರ ಕೊಟ್ಟಿರುತ್ತಿದ್ದರು. ಹನ್ನೊಂದು ವರ್ಷ ಬೆನ್ನ ಹಿಂದೆ ಕೇಳಿದ ಕಿವಿಯದು. ನನ್ನದಕ್ಕಿಂತ ಒಳ್ಳೆಯ ಕಿವಿ ಎಂದು ಒಪ್ಪಿಕೊಂಡೆ.

ಒಂದು ಹೊತ್ತಿನಲ್ಲಿ ಬಾಬುಸಾಬ ದನಿ ತಗ್ಗಿಸಿದರು. "ಆತ ಬಿಡ್ರಿ ಅಣ್ಣಾರ. ವೈನಿ ತಾವ ಬಂದ ಹೇಳ್ಯಾರ. ಹೆದರಿ ಮಾಡಿದ್ದು. ನೀವೂ ಮರೀರಿ."

ನನ್ನ ಗಂಡ ಉದ್ದವಾಗಿ ಏನೋ ಹೇಳಿದರು. ನಡುವೆ ಎರಡು ಸಲ ಉಸಿರು ಸಾಲದೆ ನಿಂತು, ಮತ್ತೆ ಹೇಳಿದರು. ಬಾಬುಸಾಬ ಬಾಗಿ ಕಿವಿ ಕೊಟ್ಟರೂ ತಿಳಿಯಲಿಲ್ಲ. "ಇನ್ನೊಮ್ಮೆ ಅನ್ರಿ" ಎಂದರು. ಅವರು ಇನ್ನೊಮ್ಮೆ ಅಂದರು, ಆಗಲೂ ತಿಳಿಯಲಿಲ್ಲ.

ನನಗೆ ಮೊದಲ ಸಲಕ್ಕೇ ತಿಳಿದಿತ್ತು.

ಆಗ ನನ್ನ ಗಂಡ ಕಣ್ಣು ಹೊರಳಿಸಿ ನನ್ನ ಕಡೆ ನೋಡಿದರು. "ನೀ ಹೇಳು" ಎಂದರು. ಬಾಯಿಂದ ಎಂದರು. ಒಂಬತ್ತು ದಿನದ ಮೇಲೆ ನನಗೆ ಆಡಿದ ಮೊದಲ ಮಾತು.

ಬಾಬುಸಾಬರೂ ತಿರುಗಿ ನೋಡಿದರು. "ಏನಂತಾರ ವೈನಿ?"

ಸೆರಗಿನಲ್ಲಿ ಕೈ ಒರೆಸಿಕೊಂಡು ಹೊಸ್ತಿಲು ದಾಟಿ ಬಂದೆ. ನನಗೆ ಬೇರೆ ಹತ್ತು ಮಾತು ಹೊಳೆದವು, ಎಲ್ಲವೂ ಮೃದುವಾದವು. ಅವರ ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು.

"'ಈಕಿ ಕೈಲೆ ಉಣ್ತೇನಿ, ಈಕಿ ಕೈ ಮ್ಯಾಲ ಲಿಂಗ ಹಿಡೀತೇನಿ. ಆದರ ಈಕಿನ್ನ ನಾ ಇನ್ನೂ ಕ್ಷಮಿಸಿಲ್ಲ. ಆಗತೈತೋ ಇಲ್ಲೋ ಅದೂ ಗೊತ್ತಿಲ್ಲ' ಅಂತಾರ್ರಿ" ಎಂದೆ.

ಒಂದು ಪದ ಬಿಡಲಿಲ್ಲ, ಒಂದು ಪದ ಸೇರಿಸಲಿಲ್ಲ. ನನ್ನ ಗಂಡ ಕಣ್ಣು ಮುಚ್ಚಿ ತೆರೆದರು. ಸರಿಯಾದ ಅಕ್ಷರ ಬಂದಾಗ ಹಲಗೆಯ ಮುಂದೆ ಹಾಗೆಯೇ ಮಾಡುತ್ತಾರೆ.

ಬಾಬುಸಾಬ ಅವರ ಪಾದವನ್ನು ಹಿಡಿದುಕೊಂಡೇ ಕೆಳಗೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಗಂಡ ಮತ್ತೆ ಏನೋ ಅಂದರು, ಸಣ್ಣದು. ಬಾಬುಸಾಬ ಈ ಸಲ ಅವರ ಬಾಯಿ ನೋಡದೆ ನೇರ ನನ್ನ ಮುಖವನ್ನೇ ನೋಡಿದರು.

"ನಿಮಗ ಚಾ ಮಾಡಂತಾರ್ರಿ" ಎಂದೆ. "ಸಕ್ಕರಿ ಕಡಿಮಿ ಹಾಕಂತಾರ, ನಿಮಗ ಶುಗರ್ ಐತಂತ."

"ಐತಿ, ಐತಿ" ಎಂದರು ಬಾಬುಸಾಬ. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು.